ಗಿರಣಿ ನಿಂತರೂ ಊರು ನಿಲ್ಲಲಿಲ್ಲ: ಮ್ಯಾಸಚೂಸೆಟ್ಸ್‌ನ ಪಟ್ಟಣಗಳು

ಪರೇಲ್, ಲಾಲ್‌ಬಾಗ್ ಪರಿಸರದಲ್ಲಿ ಬಾಳಿದ ಹಿರಿಯ ಮುಂಬಯಿ ಕನ್ನಡಿಗರಿಗೆ ಬಟ್ಟೆ ಗಿರಣಿಯ ಭೋಂಗಾ ಅಪರಿಚಿತವಲ್ಲ. ಅಂಥದೇ ಗಿರಣಿಗಳಿಂದ ಬೆಳೆದು, ಅವು ಮುಚ್ಚಿದಾಗ ನಲುಗಿ, ಮತ್ತೆ ತಲೆಯೆತ್ತಿದ ಊರುಗಳು ಅಮೆರಿಕದ ಈಶಾನ್ಯ ಭಾಗದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿವೆ. ಸಣ್ಣದಾದ ಈ ರಾಜ್ಯದ ಕೆಲವು ಪಟ್ಟಣಗಳಿಗೂ ಭಾರತಕ್ಕೂ ಹಳೆಯ ನಂಟಿದೆ.

ಬೋಸ್ಟನ್‌ನ ಮಂಜುಗಡ್ಡೆ

ರಾಜಧಾನಿ ಬೋಸ್ಟನ್ 1630ರಲ್ಲಿ ಸ್ಥಾಪನೆಗೊಂಡ ಬಂದರು ನಗರ. ಚಾರ್ಲ್ಸ್ ನದಿಯ ಆಚೆ ದಡದ ಕೇಂಬ್ರಿಜ್‌ನಲ್ಲಿ 1636ರಲ್ಲಿ ಆರಂಭವಾದ ಹಾರ್ವರ್ಡ್ ವಿದ್ಯಾಸಂಸ್ಥೆಯಿದೆ. ಬೋಸ್ಟನ್‌ನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೆರೆಗಳ ಮಂಜುಗಡ್ಡೆಯನ್ನು 1833ರಲ್ಲಿ ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಿದ. ಮುಂದೆ ಅದು ಮದ್ರಾಸು, ಮುಂಬಯಿಗೂ ಬಂತು. ಚೆನ್ನೈಯ ಮರೀನಾ ಎದುರಿನ ಇಂದಿನ ವಿವೇಕಾನಂದರ್ ಇಲ್ಲಂ ಆ ಮಂಜುಗಡ್ಡೆಯ ದಾಸ್ತಾನಿಗೆಂದೇ ಕಟ್ಟಿದ ಐಸ್ ಹೌಸ್. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು.

ಬೋಸ್ಟನ್ ಸಮೀಪದ ಕಾಂಕರ್ಡ್ ಚಿಂತಕ ಹೆನ್ರಿ ಥೋರೋನ ಊರು. ಅನ್ಯಾಯದ ಸರಕಾರಕ್ಕೆ ತೆರಿಗೆ ಕೊಡಲಾರೆನೆಂದು 1846ರಲ್ಲಿ ಒಂದು ರಾತ್ರಿ ಸೆರೆಯಲ್ಲಿದ್ದ ಆತನ ಪ್ರಬಂಧವನ್ನು ದಕ್ಷಿಣ ಆಫ್ರಿಕಾದಲ್ಲಿದ್ದಾಗ ಗಾಂಧೀಜಿ ಓದಿ ಮೆಚ್ಚಿದ್ದರು.

ಹೆಣ್ಣುಮಕ್ಕಳ ಗಿರಣಿ

ಮೆರಿಮ್ಯಾಕ್ ನದಿಯ ಜಲಪಾತದ ಬಲವನ್ನು ನಂಬಿ ಕಟ್ಟಿದ ಊರು ಲೋವೆಲ್. ಇಲ್ಲಿನ ಗಿರಣಿಗಳಲ್ಲಿ ಮೊದಲು ದುಡಿದವರಲ್ಲಿ ಹೆಚ್ಚಿನವರು ಹಳ್ಳಿಯ ರೈತರ ಹೆಣ್ಣುಮಕ್ಕಳು. ಕೂಲಿ ಕಡಿತ ವಿರೋಧಿಸಿ 1834ರಲ್ಲಿ, ವಸತಿ ಶುಲ್ಕ ಏರಿಕೆ ವಿರೋಧಿಸಿ 1836ರಲ್ಲಿ ಅವರು ಕೆಲಸ ನಿಲ್ಲಿಸಿದರು. ಗುಲಾಮರು ಬೆಳೆದ ದಕ್ಷಿಣದ ಹತ್ತಿಯನ್ನೇ ಈ ಗಿರಣಿಗಳು ಅವಲಂಬಿಸಿದ್ದವು. 1861ರಲ್ಲಿ ಅಂತರ್ಯುದ್ಧ ಆರಂಭವಾಗಿ ಹತ್ತಿ ಪೂರೈಕೆ ಕುಸಿದಾಗ ಲೋವೆಲ್‌ನ ಹಲವು ಗಿರಣಿಗಳು ಸ್ತಬ್ಧವಾದವು. ಅದೇ ಹೊತ್ತಿಗೆ ಇಂಗ್ಲೆಂಡಿಗೆ ಭಾರತದ ಹತ್ತಿ ಮಾರಿದ ಮುಂಬಯಿ ವ್ಯಾಪಾರಿಗಳು ಶ್ರೀಮಂತರಾದರು. 1865ರಲ್ಲಿ ಯುದ್ಧ ಮುಗಿದು ದರ ಕುಸಿಯುತ್ತಲೇ ಇಲ್ಲಿ ಅನೇಕರು ದಿವಾಳಿಯಾದರು.

ನೆರೆಯ ಲಾರೆನ್ಸ್‌ನಲ್ಲಿ 1912ರಲ್ಲಿ ವಾರದ ದುಡಿಮೆಯನ್ನು ಕಾನೂನು 56ರಿಂದ 54 ತಾಸಿಗೆ ಇಳಿಸಿದಾಗ ಮಾಲೀಕರು ಕೂಲಿಯನ್ನೂ ಕಡಿದರು. ಹತ್ತಾರು ದೇಶಗಳಿಂದ ವಲಸೆ ಬಂದು, ಬೇರೆ ಬೇರೆ ಭಾಷೆಯಾಡುತ್ತಿದ್ದ ಕಾರ್ಮಿಕರು ಒಂದಾಗಿ ಎರಡು ತಿಂಗಳು ಮುಷ್ಕರ ಹೂಡಿ ಕೂಲಿ ಏರಿಕೆ ಪಡೆದರು.

ವಾಲಿಬಾಲ್ ತವರು

ರಾಜ್ಯದ ಪಶ್ಚಿಮದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 1891ರಲ್ಲಿ ಜೇಮ್ಸ್ ನೇಯ್‌ಸ್ಮಿತ್ ಬಾಸ್ಕೆಟ್‌ಬಾಲ್ ಆಟ ರೂಪಿಸಿದರು. ನಮ್ಮ ಯುವಕರ ನೆಚ್ಚಿನ ವಾಲಿಬಾಲ್ ಹುಟ್ಟಿದ್ದು ಅದರ ಸಮೀಪದ ಹೋಲ್ಯೋಕ್‌ನಲ್ಲಿ, 1895ರಲ್ಲಿ. ವಿಲಿಯಂ ಮಾರ್ಗನ್ ಅದರ ಜನಕ.

ಉಳಿದ ನೆನಪು

ಇಪ್ಪತ್ತನೆಯ ಶತಮಾನದಲ್ಲಿ ಬಟ್ಟೆ ಉದ್ಯಮ ದಕ್ಷಿಣದ ರಾಜ್ಯಗಳಿಗೆ ಸರಿದು ಲೋವೆಲ್ ಕಳೆಗುಂದಿತು. ಆದರೆ 1978ರಲ್ಲಿ ಇಲ್ಲಿನ ಗಿರಣಿ, ಕಾಲುವೆಗಳನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದು ಸಂರಕ್ಷಿಸಲಾಯಿತು. ಮುಂದೆ ಕಾಂಬೋಡಿಯದ ನಿರಾಶ್ರಿತರು ದೊಡ್ಡ ಸಂಖ್ಯೆಯಲ್ಲಿ ನೆಲೆನಿಂತು ಊರಿಗೆ ಜೀವ ತುಂಬಿದರು.

1982ರ ಮುಷ್ಕರದ ಬಳಿಕ ಮುಂಬಯಿಯ ಹಲವು ಗಿರಣಿಗಳ ಜಾಗದಲ್ಲಿ ಮಾಲ್‌ಗಳು, ಗಗನಚುಂಬಿ ಕಟ್ಟಡಗಳು ಎದ್ದಿವೆ. ಲೋವೆಲ್‌ನ ಹಳೆಯ ಗಿರಣಿಗಳಲ್ಲೂ ಈಗ ಮನೆ, ಕಚೇರಿಗಳಿವೆ. ಆದರೆ ಅಲ್ಲಿನ ಬೂಟ್ ಗಿರಣಿಯ ವಸ್ತುಸಂಗ್ರಹಾಲಯ ದುಡಿದವರ ಬದುಕನ್ನು ನೆನಪಿಡುತ್ತದೆ. ಅಜ್ಜ ಅಜ್ಜಿಯರು ನಿಂತು ನೇಯ್ದಂಥ ಮಗ್ಗಗಳನ್ನು ಮೊಮ್ಮಕ್ಕಳು ಅಲ್ಲಿ ಹೋಗಿ ನೋಡಬಹುದು.