1779: ಇಪ್ಪತ್ತು ಸಾವಿರ ಜನ ದುರ್ಗ ಬಿಟ್ಟ ವರ್ಷ

ಚಿತ್ರದುರ್ಗದ್ದು ಏಳು ಸುತ್ತಿನ ಕೋಟೆ. 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳಗಂಡಿ ಎಂದು ದುರ್ಗದವರು ಇಂದಿಗೂ ಲೆಕ್ಕ ಒಪ್ಪಿಸುತ್ತಾರೆ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ಕೋಡಿ ಬಿದ್ದರೆ ಅಕ್ಕ-ತಂಗಿಯರ ಹೊಂಡಕ್ಕೆ ನೀರು. ಅದೂ ತುಂಬಿದರೆ ಕೆಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ. ಮುತ್ತಿಗೆ ಎಷ್ಟು ತಿಂಗಳು ನಡೆದರೂ ಒಳಗಿನವರು ಬಾಯಾರುವಂತಿರಲಿಲ್ಲ. 1568ರಿಂದ 211 ವರ್ಷ ನಾಯಕರು ಆಳಿದ ಈ ದುರ್ಗ ಆದರೂ 1779ರ ಮಾರ್ಚ್‌ನಲ್ಲಿ ಮೈಸೂರಿನ ಹೈದರಾಲಿಯ ಕೈಸೇರಿತು. ಕೊನೆಯ ದೊರೆ ಮದಕರಿ ನಾಯಕ ಪಟ್ಟಕ್ಕೇರಿ ಆಗ 25 ವರ್ಷ.

ಎಂಥ ವರ್ಷವದು! ಜನವರಿಯಲ್ಲಿ ವಡಗಾಂವ್‌ನಲ್ಲಿ ಮರಾಠರೆದುರು ಇಂಗ್ಲಿಷರು ಮಂಡಿಯೂರಿದರು. ಫೆಬ್ರವರಿಯಲ್ಲಿ ಹವಾಯಿ ದ್ವೀಪದ ಕಡಲ ದಂಡೆಯಲ್ಲಿ ಕ್ಯಾಪ್ಟನ್ ಕುಕ್ ಹತನಾದ. ದುರ್ಗ ಬಿದ್ದ ತಿಂಗಳಲ್ಲೇ ಇಂಗ್ಲಿಷರು ಫ್ರೆಂಚರ ಮಾಹೆ ಬಂದರನ್ನು ಕಿತ್ತುಕೊಂಡು ಹೈದರನನ್ನು ಕೆರಳಿಸಿದರು. ಅವನೋ ದುರ್ಗದಿಂದ ಕಡಪದತ್ತ ತಿರುಗಿ, ವರ್ಷ ಮುಗಿಯುವುದರೊಳಗೆ ಅದನ್ನೂ ಗೆದ್ದ.

ಮುತ್ತಿಗೆಯ ಒಂದು ಸಂಗತಿಯನ್ನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ದಾಖಲಿಸಿದ್ದಾನೆ. ಸೋಮವಾರ ಬಂತೆಂದರೆ ದುರ್ಗದ ನಾಯಕರ ಬೇಡ ಪಡೆ ದೇವಿಗೆ ಪೂಜೆ ಸಲ್ಲಿಸಿ, ಹೈದರನ ಪಾಳೆಯದ ಮೇಲೆರಗಿ, ಶತ್ರುಗಳ ತಲೆಗಳನ್ನು ತಂದು ಗುಡಿಯ ಮುಂದೆ ಒಟ್ಟುತ್ತಿತ್ತು. ಕೋಟೆ ಬಿದ್ದಾಗ ಅಲ್ಲಿ ಸುಮಾರು ಎರಡು ಸಾವಿರ ತಲೆಗಳಿದ್ದವಂತೆ. ಸೋಮವಾರ ಬರುತ್ತದೆಂದು ಗೊತ್ತಿದ್ದೂ ಹೊರಗಿನವರು ತಡೆಯಲಾರದೆ ಹೋದರು ಎಂಬುದೇ ನನಗೆ ದೊಡ್ಡ ಸೋಜಿಗ.

ಆದರೆ ನನ್ನ ಮನಸ್ಸು ಕಲಕುವುದು ಇನ್ನೊಂದು ಅಂಕಿ. ಗೆದ್ದ ಹೈದರ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ. ನಾಲ್ಕು ನಾಲ್ಕು ಜನರ ಸಾಲಾಗಿ, ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್ ಬಿಟ್ಟು ನಡೆಸಿದರೂ ಮೆರವಣಿಗೆಯ ಉದ್ದ ಏಳೂವರೆ ಕಿಲೋಮೀಟರ್. ಅಂದರೆ ಮುಂದಿನವರು ಒಂದೂವರೆ ಗಂಟೆ ನಡೆದ ಮೇಲೆ ಹಿಂದಿನವರ ಮೊದಲ ಹೆಜ್ಜೆ. ದಾರಿ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ್ದು. ದಿನಕ್ಕೆ ಹದಿನೈದು ನಡೆದರೆ ಎರಡು ವಾರ. ತಲೆಗೆ 400 ಗ್ರಾಂ ರಾಗಿಯಂತೆ ಹಿಡಿದರೂ ದಿನಕ್ಕೆ ಎಂಟು ಟನ್, ಎರಡು ವಾರಕ್ಕೆ ನೂರಕ್ಕೂ ಹೆಚ್ಚು. ಅಷ್ಟು ಧಾನ್ಯ ಸಿಕ್ಕಿತೋ, ಮಾರ್ಚ್ ಕಳೆದ ಬಯಲುಸೀಮೆಯ ಬಿಸಿಲಲ್ಲಿ ಕುಡಿಯಲು ನೀರು ಸಿಕ್ಕಿತೋ! ಕೂಸುಗಳಿದ್ದವು, ಮುದುಕರಿದ್ದರು, ಬಸುರಿಯರಿದ್ದರು. ಇಷ್ಟು ದೊಡ್ಡ ಗುಂಪಿನಲ್ಲಿ ಇರದೆ ಹೇಗೆ?

ಮದಕರಿಯೂ ಅವನ ಮನೆಯವರೂ ಶ್ರೀರಂಗಪಟ್ಟಣದಲ್ಲಿ ಸೆರೆಯಾದರು. ಹುಡುಗರನ್ನು ಆರಿಸಿ, ಮತಾಂತರಿಸಿ, ಕವಾಯತು ಕಲಿಸಿ 'ಚೇಲಾ' ಎಂಬ ಪಡೆಗಳಿಗೆ ಸೇರಿಸಲಾಯಿತು. ಮರುವರ್ಷ, 1780ರ ಜುಲೈನಲ್ಲಿ, ಹೈದರನ ಮಹಾಸೈನ್ಯ ಇಂಗ್ಲಿಷರ ಮೇಲೆ ಯುದ್ಧಕ್ಕೆಂದು ಘಟ್ಟ ಇಳಿದು ಆರ್ಕಾಟಿನ ಸೀಮೆಗೆ ನುಗ್ಗಿತು.