ಹೈ-ಲಿಫ್ಟ್ ಜಾಕ್ ಎಲ್ಲಿರಬೇಕು?

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕೆಂಪು ಬಾಳೆಯ ಕಮಲಾಪುರ. ಮಳೆಗಾಲದಲ್ಲಿ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದರೆ, ಈ ಜಿಲ್ಲೆಯ ಎರೆಮಣ್ಣು ಜೀಪಿನ ಗಾಲಿಯನ್ನೇ ನುಂಗುತ್ತದೆ.

ಆಗ ನೆರವಿಗೆ ಬರುವುದು, ತೂತುಗಳಿರುವ ಉದ್ದ ಕಂಬಿಯ ಮೇಲೆ ಗಾಡಿಯನ್ನು ಎತ್ತುವ ಹೈ-ಲಿಫ್ಟ್ ಜಾಕ್. ಅಮೆರಿಕದ ಇಂಡಿಯಾನಾದಲ್ಲಿ 1905ರಿಂದ ತಯಾರಾಗುತ್ತಿರುವ ಇದರ 48 ಇಂಚಿನ ಮಾದರಿ ಸುಮಾರು 13 ಕಿಲೊ ತೂಗುತ್ತದೆ. ಇಷ್ಟು ಭಾರದ ಕಬ್ಬಿಣವನ್ನು ಎಲ್ಲಿ ಕಟ್ಟುವುದು?

ಚಾವಣಿಯ ಮೇಲೆ ಬೇಡ. ಭಾರ ಮೇಲೇರಿದಷ್ಟೂ ಗಾಡಿ ಮಗುಚುವ ಅಪಾಯ ಹೆಚ್ಚು.

ಮುಂದಿನ ಬಂಪರ್ ಕೈಗೆ ಸುಲಭ, ನಿಜ. ಆದರೆ ಕೆಸರು ಸಿಡಿಯುವುದೂ ಅಲ್ಲಿಗೇ. ಜಾಕಿನ ಜೀವ ಇರುವುದು ಎರಡು ಸಣ್ಣ ಪಿನ್‌ಗಳಲ್ಲಿ. ಹಿಡಿಕೆ ಒತ್ತಿದಂತೆಲ್ಲ ಅವು ಒಂದಾದ ಮೇಲೊಂದು ಕಂಬಿಯ ತೂತಿಗೆ ಕೂರುತ್ತ ಮೇಲೇರಬೇಕು. ಮಣ್ಣು ಹೊಕ್ಕು ಒಣಗಿತೋ, ಜಾಕ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಸೀಟಿನ ಹಿಂದೆ ಸುಮ್ಮನೆ ಎಸೆದಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಗಾಡಿ ಡಿಕ್ಕಿ ಹೊಡೆದರೆ ಅದು ಕೂತವರ ಮೇಲೆಯೇ ಬರುತ್ತದೆ.

ಒಳಗೆ, ಹಿಂಬದಿಯ ನೆಲಕ್ಕೆ ಬೋಲ್ಟ್ ಬಿಗಿದ ಬ್ರಾಕೆಟ್ಟೇ ಉತ್ತಮ. ಜಾಗವಿಲ್ಲದಿದ್ದರೆ ಹಿಂಬಾಗಿಲಿನ ಸ್ಟೆಪ್ನಿಯ ಬಳಿ, ಪಿನ್‌ಗಳಿಗೆ ಕವರ್ ಹಾಕಿ ಕಟ್ಟಬಹುದು. ಬಾಗಿಲಿನ ಕೀಲು ಆ ಭಾರ ತಾಳುವಂತಿರಬೇಕು.

ಜೊತೆಗೆ ಅಗಲವಾದ ದಪ್ಪ ಹಲಗೆಯೊಂದು ಇರಲೇಬೇಕು. ಅದನ್ನು ಜಾಕಿನ ಅಡಿಗೆ ಕೊಡದಿದ್ದರೆ ಎರೆಮಣ್ಣಿನಲ್ಲಿ ಗಾಡಿ ಏಳುವುದಿಲ್ಲ, ಜಾಕೇ ಹೂತುಹೋಗುತ್ತದೆ.