ಬಿದ್ದವನ ಬದಿಗೇ ತಿರುಗಿಸು

ಬಿಬವೇವಾಡಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಎರಡೂ ತುದಿಗೆ ಬೋಲೈನ್ ಗಂಟು. ಎಷ್ಟು ಎಳೆದರೂ ಜಾರದ, ಬೇಕೆಂದಾಗ ಸಲೀಸಾಗಿ ಬಿಚ್ಚುವ ಗಂಟು ಅದು. ‘ಸಮುದ್ರ ಇಲ್ಲದ ಊರಲ್ಲಿ ಬೋಟ್ ಲೈಸೆನ್ಸ್ ಯಾಕೆ?’ ಎಂದು ಹೆಂಡತಿ ನಗುತ್ತಾಳೆ.

ನಾನು ಕಲಿತದ್ದು ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ ರೂಪಿಸಿದ ಪವರ್‌ಬೋಟ್ ಲೆವೆಲ್ 2. ಎರಡು ದಿನದ ಕೋರ್ಸು. ಸ್ವಾರಗೇಟ್‌ನಲ್ಲಿ ಬಸ್ಸು ಹತ್ತಿ ಮುಂಬೈಗೆ ಹೋದೆ. ಇದು ಹವ್ಯಾಸಕ್ಕೆ ಸಾಕು. ದುಡ್ಡು ಪಡೆದು ಜನರನ್ನು ಒಯ್ಯುವ ದಾರಿಯೇ ಬೇರೆ. ಒಳನಾಡಿನ ಜಲಮಾರ್ಗಗಳಿಗಂತೂ 1917ರ ಕಾಯ್ದೆ ಹೋಗಿ 2021ರ ಹೊಸ ಕಾಯ್ದೆ ಬಂದಿದೆ.

ನಿಯಮಗಳು ಬಾಯಿಪಾಠಕ್ಕೆ ಕಷ್ಟವಲ್ಲ. ಎದುರಾಬದುರಾದರೆ ಇಬ್ಬರೂ ಬಲಕ್ಕೆ ಸರಿಯಬೇಕು. ನಮ್ಮ ಬಲಗಡೆಯಿಂದ ಇನ್ನೊಂದು ಮೋಟಾರು ಬೋಟು ಅಡ್ಡ ಬಂದರೆ ದಾರಿ ಬಿಡಬೇಕಾದವರು ನಾವು. ಬಂದರಿನ ಒಳಗೆ ಬರುವಾಗ ಕೆಂಪು ಬೋಯ್ ಎಡಕ್ಕಿರಬೇಕು. ಎಂಜಿನ್ನಿನ ಕಿಲ್ ಕಾರ್ಡನ್ನು ನಡೆಸುವವನ ತೊಡೆಗೆ ಸುತ್ತಿಕೊಳ್ಳಬೇಕು, ಅವನು ಎಗರಿ ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ.

ನಾನು ಸೋತದ್ದು ಬಿದ್ದವನನ್ನು ಎತ್ತುವ ಪಾಠದಲ್ಲಿ. ಶಿಕ್ಷಕರು ಒಂದು ಫೆಂಡರನ್ನು ನೀರಿಗೆಸೆದು ‘ಮನುಷ್ಯ ಬಿದ್ದ’ ಎಂದು ಕೂಗಿದರು. ಮೊದಲ ಸಲ ವೇಗ ಇಳಿಸದೆ ದಾಟಿಯೇ ಹೋದೆ. ಎರಡನೇ ಸಲ ಗಾಳಿ ಬೋಟನ್ನು ತಳ್ಳಿ ಅದರ ಮೇಲೆಯೇ ಹಾಯಿಸಿತು. ‘ಸತ್ತ’ ಎಂದರು, ಅಷ್ಟೇ. ಮೂರನೆಯ ಸಲ ಗಾಳಿಗೆ ಎದುರಾಗಿ, ನಡಿಗೆಯ ವೇಗದಲ್ಲಿ ಬಂದು, ಹತ್ತಿರವಾದೊಡನೆ ಗೇರು ನ್ಯೂಟ್ರಲ್‌ಗೆ ತಂದೆ. ಕೈಗೆ ಸಿಕ್ಕಿತು. ಬೆರಳು ನಡುಗುತ್ತಿತ್ತು.

ನಮ್ಮೂರು ಅಂಕೋಲೆ ಕಡೆಯ ಬೇಲೆಕೇರಿ. ಚಿಕ್ಕಂದಿನಲ್ಲಿ ಕಾರವಾರದಿಂದ ಕೂರ್ಮಗಡದ ನರಸಿಂಹ ಜಾತ್ರೆಗೆ ದೋಣಿಯಲ್ಲಿ ಹೋಗುತ್ತಿದ್ದೆವು. ಲೈಫ್ ಜಾಕೆಟ್ ಕಂಡ ನೆನಪಿಲ್ಲ. 2019ರ ಜನವರಿ 21ರಂದು ಅದೇ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಆ ಸಂಜೆ ನಾನು ಆಫೀಸಿನಲ್ಲಿ ಕೂತು ಊರಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದೆ. ನಮ್ಮವರು ಅದರಲ್ಲಿರಲಿಲ್ಲ. ಆದರೂ ಕೋರ್ಸಿಗೆ ಹೆಸರು ಕೊಟ್ಟದ್ದರ ಹಿಂದೆ ಆ ಸಂಜೆ ಇತ್ತು.

ಸರ್ಟಿಫಿಕೇಟು ಬಂದ ದಿನ ಚಿಕ್ಕಪ್ಪನಿಗೆ ಫೋನು ಮಾಡಿದೆ. ಅವರು ಮೂವತ್ತು ವರ್ಷ ತಾಂಡೇಲರಾಗಿದ್ದವರು, ಕೈಯಲ್ಲಿ ಒಂದು ಚೀಟಿಯೂ ಇಲ್ಲ. ‘ಬಲಕ್ಕೆ ಬಿದ್ದರೆ ಎತ್ಲಾಗೆ ತಿರುಗಿಸ್ತೆ, ತಮಾ?’ ಎಂದು ಕೇಳಿದರು.

‘ಬಲಕ್ಕೇ. ಹಿಂಬದಿ ಎಡಕ್ಕೆ ಹೋಗ್ತದೆ, ಫ್ಯಾನು ಅವನಿಂದ ದೂರ ಆಗ್ತದೆ.’

‘ಅದಕ್ಕೂ ಮೊದಲು?’

ನಾನು ತಡವರಿಸಿದೆ.

‘ತೇಲುವಂಥದ್ದು ಏನಾದ್ರೂ ಎಸೀಬೇಕು. ಖಾಲಿ ಕ್ಯಾನಾದ್ರೂ ಸೈ. ಒಬ್ಬನಿಗೆ ಅವನ ಮೇಲೇ ಕಣ್ಣಿಟ್ಟು ಕೈ ತೋರಿಸ್ತಾ ಇರು ಅನ್ನಬೇಕು. ತೆರೆಯಲ್ಲಿ ತಲೆ ಒಂದು ಸಲ ಮರೆಯಾದ್ರೆ ಮತ್ತೆ ಸಿಕ್ಕೂದಿಲ್ಲ.’

ಇದನ್ನು ಕೋರ್ಸಿನಲ್ಲೂ ಹೇಳಿದ್ದರು. ನಾನು ಸ್ಟೀರಿಂಗ್ ಹಿಡಿಯುವ ಗಡಿಬಿಡಿಯಲ್ಲಿ ಮರೆತಿದ್ದೆ.

ಧೈರ್ಯ ಮಾಡಿ ಜಾಕೆಟ್ಟಿನ ಮಾತೆತ್ತಿದೆ. ಸೆಖೆಗೆ ಅದೆಲ್ಲ ಆಗದು ಎನ್ನುತ್ತಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಪುಣೆಯಲ್ಲಿ ಸಿಗ್ತದಾ? ಬರುವಾಗ ಎಂಟು ತಾ. ಎರಡು ಸಣ್ಣ ಮಕ್ಕಳದ್ದು.’